ಏಡ್ಸ್ ಸಂಶೋಧನೆಯೂ ಹೊಸಬರ ಗುರುಗಳೂ

ಕಲಾ ವಿಭಾಗದ ವಿದ್ಯಾರ್ಥಿನಿಯೊಬ್ಬಳು ಏಡ್ಸ್ ರೋಗದ ಸಂಶೋಧನೆಯನ್ನು ಕುರಿತು ಬರೆಯಹೊರಡುವುದು ಉದ್ಧಟತನವೆಂದು ಕೆಲವರಿಗಾದರೂ ತೋರಬಹುದು. ಆ ಮಾತನ್ನು ನಾನು ಅಲ್ಲಗಳೆಯಲಾರೆ. ನಾನು ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ನೋಡಿದ್ದು ಹೈಸ್ಕೂಲಿನಲ್ಲಿ ಒಂದೇ ಒಂದು ಸಲ. ಆಗ ಕಂಡದ್ದು ಈರುಳ್ಳಿಯ ಸಿಪ್ಪೆ. ಆದರೆ ಕಳೆದ ಡಿಸೆಂಬರ್ 1ರಂದು ನಮ್ಮ ಕಾಲೇಜಿನ ರೆಡ್ ರಿಬ್ಬನ್ ಸಂಘದ ಸಭೆಯಲ್ಲಿ ಹತ್ತು ನಿಮಿಷ ಮಾತನಾಡಬೇಕೆಂದು ಅಧ್ಯಾಪಕರು ಅಪ್ಪಣೆ ಮಾಡಿದರು. ವಿಷಯ ಹುಡುಕುತ್ತ ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ರೋಗವಲ್ಲ. ಆ ರೋಗ ನಮ್ಮ ದೇಶದಲ್ಲಿಯೂ ಇದೆಯೆಂದು ಮೊಟ್ಟಮೊದಲು ತೋರಿಸಿಕೊಟ್ಟವರು ಇನ್ನೂ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿ ಎಂಬ ಸಂಗತಿ. ಅಂದು ಹತ್ತು ನಿಮಿಷದಲ್ಲಿ ಹೇಳಲಾರದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಎರಡು ಮಾತಿನಲ್ಲಿ ಹಿನ್ನೆಲೆಯನ್ನು ಹೇಳಬೇಕು. 1981ರಲ್ಲಿ ಅಮೆರಿಕದ ವೈದ್ಯರು ಈ ಹೊಸ ಕಾಯಿಲೆಯನ್ನು ಗುರುತಿಸಿದರು. 1983ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳು ಅದಕ್ಕೆ ಕಾರಣವಾದ ವೈರಾಣುವನ್ನು ಬೇರ್ಪಡಿಸಿದರು. 1985ರಲ್ಲಿ ರಕ್ತವನ್ನು ಪರೀಕ್ಷಿಸಿ ಸೋಂಕನ್ನು ಕಂಡುಹಿಡಿಯುವ ವಿಧಾನ ಬಳಕೆಗೆ ಬಂದಿತು. ಇಷ್ಟಾದರೂ ನಮ್ಮ ದೇಶದಲ್ಲಿ ಇದು ಪರದೇಶದವರ ರೋಗ, ನಮ್ಮ ಸಂಪ್ರದಾಯಸ್ಥ ಸಮಾಜಕ್ಕೆ ಇದರ ಭಯವಿಲ್ಲ ಎಂಬ ನಂಬಿಕೆ ಬಲವಾಗಿತ್ತು. ಪತ್ರಿಕೆಗಳೂ ಹಾಗೆಯೇ ಬರೆದವು.

ಆ ಕಾಲದಲ್ಲಿ ಮದರಾಸು ಮೆಡಿಕಲ್ ಕಾಲೇಜಿನಲ್ಲಿ ಡಾಕ್ಟರ್ ಸುನೀತಿ ಸಾಲೊಮನ್ ಎಂಬವರು ಸೂಕ್ಷ್ಮಜೀವಿಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದರು. ಅವರ ಹುಟ್ಟು ಮನೆತನ ಗಾಯತೊಂಡೆ; ಮದರಾಸಿನಲ್ಲಿ ಚರ್ಮದ ವ್ಯಾಪಾರ ಮಾಡಿಕೊಂಡಿದ್ದ ಮರಾಠಿ ಕುಟುಂಬ. ಇಂಗ್ಲೆಂಡು, ಅಮೆರಿಕ, ಆಸ್ಟ್ರೇಲಿಯಗಳಲ್ಲಿ ತರಬೇತಿ ಪಡೆದು ಬಂದವರು. ಹೊರದೇಶದ ವೈದ್ಯಕೀಯ ಪತ್ರಿಕೆಗಳಲ್ಲಿ ಈ ರೋಗದ ವರದಿಗಳನ್ನು ಓದುತ್ತಿದ್ದ ಅವರಿಗೆ, ನಮ್ಮಲ್ಲಿ ಇದು ಇಲ್ಲವೆಂದು ಹೇಳುವವರು ಯಾರಾದರೂ ಹುಡುಕಿ ನೋಡಿದ್ದಾರೆಯೇ ಎಂಬ ಸಂದೇಹ ಬಂದಿತು. ಅದೇ ವೇಳೆಗೆ ಅವರ ವಿದ್ಯಾರ್ಥಿನಿಯಾಗಿದ್ದ ಡಾಕ್ಟರ್ ಎಸ್. ನಿರ್ಮಲಾ ಅವರಿಗೆ ಪ್ರಬಂಧಕ್ಕೊಂದು ವಿಷಯ ಬೇಕಾಗಿತ್ತು.

ನಿರ್ಮಲಾ ಅವರಿಗೆ ಆಗ 32 ವರ್ಷ. ಸಣ್ಣ ಊರುಗಳಲ್ಲಿ ಬೆಳೆದವರು, ಸಂಪ್ರದಾಯಸ್ಥ ಮನೆತನ. ಎರಡು ಚಿಕ್ಕ ಮಕ್ಕಳ ತಾಯಿ. ಗುರುಗಳು ವಿಷಯ ಸೂಚಿಸಿದಾಗ ಆಕೆ ಹಿಂದೆ ಸರಿದರು. ಪರೀಕ್ಷಿಸಿದರೂ ಎಲ್ಲ ಇಲ್ಲವೆಂದೇ ಬರುತ್ತದೆ, ಕೆಲಸ ವ್ಯರ್ಥವಾಗುತ್ತದೆ ಎಂಬುದು ಅವರ ವಾದ. ಗುರುಗಳು ಬಿಡಲಿಲ್ಲ. ಮನೆಯಲ್ಲಿ ಗಂಡ ರಾಮಮೂರ್ತಿಯವರೂ ಧೈರ್ಯ ಹೇಳಿದರು.

ಇನ್ನೂರು ಮಂದಿಯ ರಕ್ತದ ಮಾದರಿ ಸಂಗ್ರಹಿಸಬೇಕೆಂದು ತೀರ್ಮಾನವಾಯಿತು. ಯಾರ ರಕ್ತ? ಸೋಂಕು ತಗಲುವ ಸಂಭವ ಹೆಚ್ಚಾಗಿರುವವರದು; ಅವರಲ್ಲಿ ಲೈಂಗಿಕ ವೃತ್ತಿಯ ಹೆಂಗಸರು ಮುಖ್ಯರು. ಆದರೆ ಮದರಾಸಿನಲ್ಲಿ ಮುಂಬಯಿಯಂತೆ ಇಂಥವರಿಗೆ ಗೊತ್ತಾದ ಕೇರಿಯೆಂಬುದು ಇರಲಿಲ್ಲ. ನಿರ್ಮಲಾ ಅವರು ದೊಡ್ಡಾಸ್ಪತ್ರೆಯ ಗುಹ್ಯರೋಗ ವಿಭಾಗಕ್ಕೆ ಹೋಗಿ ಕುಳಿತರು. ಅಲ್ಲಿಗೆ ಬರುತ್ತಿದ್ದ ಒಬ್ಬಿಬ್ಬರ ಸ್ನೇಹ ಸಂಪಾದಿಸಿದರು. ಅವರು ಬೇರೆಯವರನ್ನು ತೋರಿಸಿಕೊಟ್ಟರು. ದಾಖಲೆಗಳನ್ನು ನೋಡಿದಾಗ ಬಹುಮಂದಿಯ ವಿಳಾಸದಲ್ಲಿ ಒಂದೇ ಒಂದು ಮಾತು ಇತ್ತು, ವಿ ಹೋಮ್ ಎಂದು. ಅದು ವಿಜಿಲೆನ್ಸ್ ಹೋಮ್. ಪೋಲೀಸರು ಹಿಡಿದುತಂದ, ಜಾಮೀನಿಗೆ ಹಣವಿಲ್ಲದ ಹೆಂಗಸರನ್ನು ಇರಿಸುತ್ತಿದ್ದ ನಿಲಯ. ಅಂದಿನಿಂದ ಬೆಳಗ್ಗೆ ತಮ್ಮ ಕೆಲಸಕ್ಕೆ ಹೋಗುವ ಮೊದಲು ಆಕೆ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಿದ್ದರು. ಮೂರು ತಿಂಗಳಲ್ಲಿ ಎಂಬತ್ತಕ್ಕೂ ಮಿಕ್ಕು ಮಾದರಿಗಳು ದೊರೆತವು. ಕೈಗವಸಿಲ್ಲ, ರಕ್ಷಣೆಯ ಬೇರೆ ಯಾವ ಸಾಧನವೂ ಇಲ್ಲ.

ರಕ್ತ ತಂದರಾಯಿತೆ? ಅದರ ಕೆಂಪು ಭಾಗವನ್ನು ಬಿಟ್ಟು ಸೀರಮ್ ಎಂಬ ತಿಳಿಯನ್ನು ಬೇರ್ಪಡಿಸಬೇಕು, ತಣ್ಣಗಿಡಬೇಕು. ಸಾಲೊಮನ್ ಅವರ ಪತಿ ಹೃದಯದ ಶಸ್ತ್ರವೈದ್ಯರು. ಸಾಲೊಮನ್ ಉಪಕರಣಗಳನ್ನು ಕೇಳಿ ತಂದು ಸಣ್ಣದೊಂದು ಪ್ರಯೋಗಶಾಲೆಯನ್ನು ಹೂಡಿದರು. ಗುರು ಶಿಷ್ಯೆಯರಿಬ್ಬರೂ ಕುಳಿತು ಸೀರಮ್ ತೆಗೆದರು. ಇಡುವುದಕ್ಕೆ ಬೇರೆ ಜಾಗವಿಲ್ಲದೆ ನಿರ್ಮಲಾ ಅವರ ಮನೆಯ ಫ್ರಿಜ್ಜಿನಲ್ಲಿ ಇಟ್ಟರು. ಮಕ್ಕಳ ಹಾಲು ಮೊಸರಿನ ಪಕ್ಕದಲ್ಲಿ ಎಂದು ನಾನು ಊಹಿಸಿಕೊಳ್ಳುತ್ತೇನೆ. ಇಂದಿನ ಪ್ರಯೋಗಶಾಲೆಯವರು ಕೇಳಿದರೆ ಎದೆಯೊಡೆದುಕೊಂಡಾರು.

ಪರೀಕ್ಷೆಯ ಸೌಲಭ್ಯ ಮದರಾಸಿನಲ್ಲಿ ಇರಲಿಲ್ಲ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ವೈರಾಣು ವಿಭಾಗದ ಮುಖ್ಯಸ್ಥರಾಗಿದ್ದ ಡಾಕ್ಟರ್ ಟಿ. ಜೇಕಬ್ ಜಾನ್ ಅವರೊಡನೆ ಮಾತನಾಡಿ ಸಾಲೊಮನ್ ವ್ಯವಸ್ಥೆ ಮಾಡಿದರು. 1986ರ ಫೆಬ್ರುವರಿಯಲ್ಲಿ ನಿರ್ಮಲಾ ಗಂಡನೊಡನೆ ರಾತ್ರಿಯ ರೈಲು ಹತ್ತಿ ಕಾಟ್ಪಾಡಿಯಲ್ಲಿ ಇಳಿದು, ಅಲ್ಲಿಂದ ಆಟೋರಿಕ್ಷಾದಲ್ಲಿ ವೆಲ್ಲೂರು ಸೇರಿದರು. ಜೊತೆಯಲ್ಲಿ ಸೀರಮ್ಮಿನ ಶೀಶೆಗಳು.

ಅಲ್ಲಿ ನಡೆದ ಎಲೈಸಾ ಪರೀಕ್ಷೆಯ ತತ್ತ್ವ ಕಷ್ಟದ್ದೇನಲ್ಲ. ವೈರಾಣು ದೇಹವನ್ನು ಹೊಕ್ಕರೆ ದೇಹ ಅದರ ವಿರುದ್ಧ ಪ್ರತಿಕಾಯಗಳೆಂಬ ವಸ್ತುಗಳನ್ನು ಮಾಡಿಕೊಳ್ಳುತ್ತದೆ. ಪಡ್ಡಿನ ಹಂಚಿನಲ್ಲಿರುವಂತೆ ಸಾಲುಸಾಲು ಗುಳಿಗಳಿರುವ ಪುಟ್ಟ ಪ್ಲಾಸ್ಟಿಕ್ ತಟ್ಟೆಯೊಂದಕ್ಕೆ ವೈರಾಣುವಿನ ಅಂಶವನ್ನು ಮೊದಲೇ ಲೇಪಿಸಿರುತ್ತಾರೆ. ಒಂದೊಂದು ಗುಳಿಗೆ ಒಬ್ಬೊಬ್ಬರ ಸೀರಮ್ ಹಾಕಿ ತೊಳೆದರೆ, ಪ್ರತಿಕಾಯವಿದ್ದ ಗುಳಿಯಲ್ಲಿ ಅದು ಅಂಟಿಕೊಂಡು ಉಳಿಯುತ್ತದೆ. ಇಲ್ಲದ ಗುಳಿಯಲ್ಲಿ ಎಲ್ಲವೂ ತೊಳೆದು ಹೋಗುತ್ತದೆ. ಅನಂತರ ಬಣ್ಣ ಬರಿಸುವ ದ್ರಾವಣವನ್ನು ಹಾಕಿದಾಗ ಅಂಟಿ ಉಳಿದ ಕಡೆ ಮಾತ್ರ ಹಳದಿ ಮೂಡುತ್ತದೆ. ಆ ದಿನ ಮಧ್ಯಾಹ್ನ ಕರೆಂಟು ಹೋಗಿ ಎಲ್ಲರೂ ಚಹಕ್ಕೆ ಎದ್ದರಂತೆ. ಹಿಂತಿರುಗಿ ಬಂದು ಮುಚ್ಚಳ ತೆರೆದಾಗ ಆರು ಗುಳಿಗಳು ಹಳದಿಯಾಗಿದ್ದವು.

ಆ ಆರು ಮಂದಿಯ ರಕ್ತವನ್ನು ಮತ್ತೆ ತೆಗೆದು, ಅಮೆರಿಕಕ್ಕೆ ಒಯ್ದು, ಇನ್ನೂ ಖಚಿತವಾದ ಬೇರೊಂದು ಪರೀಕ್ಷೆಯಿಂದ ನೋಡಿಸಿದರು. ಸಂದೇಹ ಉಳಿಯಲಿಲ್ಲ. ಸುದ್ದಿ ದೆಹಲಿಗೆ ಹೋಯಿತು. ಮೇ ತಿಂಗಳಲ್ಲಿ ತಮಿಳುನಾಡಿನ ಆರೋಗ್ಯ ಮಂತ್ರಿಗಳು ಶಾಸನಸಭೆಯಲ್ಲಿ ಅದನ್ನು ಪ್ರಕಟಿಸಿದಾಗ, ಗಂಡಹೆಂಡಿರಿಬ್ಬರೂ ಪ್ರೇಕ್ಷಕರ ಗ್ಯಾಲರಿಯಲ್ಲಿ ಕುಳಿತು ಕೇಳಿದರು. 1987ರ ಮಾರ್ಚಿನಲ್ಲಿ ನಿರ್ಮಲಾ ತಮ್ಮ ಪ್ರಬಂಧವನ್ನು ಸಲ್ಲಿಸಿದರು.

ಈ ಕಥೆಯಲ್ಲಿ ಗುರುವಾದವರು ಮಾಡಿದ್ದೇನು ಎಂದು ನಾನು ಲೆಕ್ಕ ಹಾಕಿ ನೋಡಿದ್ದೇನೆ. ಉಪದೇಶವನ್ನಂತೂ ಹೆಚ್ಚು ಮಾಡಿದಂತೆ ಕಾಣುವುದಿಲ್ಲ. ಪ್ರಶ್ನೆಯೊಂದನ್ನು ಕೊಟ್ಟರು. ಉಪಕರಣವನ್ನು ಕೇಳಿ ತಂದರು. ವೆಲ್ಲೂರಿನ ಬಾಗಿಲನ್ನು ತಮ್ಮ ಹೆಸರಿನ ಬಲದಿಂದ ತೆರೆಯಿಸಿದರು. ಸಣ್ಣ ಊರಿನಿಂದ ಬಂದ ವಿದ್ಯಾರ್ಥಿನಿಗೆ ಇವುಗಳಲ್ಲಿ ಯಾವುದು ಕಡಮೆಯಾಗಿದ್ದರೂ ಕೆಲಸ ನಿಲ್ಲುತ್ತಿತ್ತು. ಬುದ್ಧಿಯ ಕೊರತೆಯಿಂದಲ್ಲ, ಯಾರನ್ನು ಕೇಳಬೇಕೆಂಬುದು ತಿಳಿಯದೆ, ತಿಳಿದರೂ ಕೇಳುವ ಧೈರ್ಯವಿಲ್ಲದೆ.

ಈ ತಿಳಿಯದಿರುವಿಕೆಯ ಪರಿಚಯ ನನಗೆ ಚೆನ್ನಾಗಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಮೊದಲ ವರ್ಷ ವಿದ್ಯಾರ್ಥಿವೇತನದ ಅರ್ಜಿಗೆ ಆದಾಯದ ಸರ್ಟಿಫಿಕೇಟು ಬೇಕೆಂಬುದು ನನಗೆ ಗೊತ್ತಾದದ್ದು ಸೈಬರ್ ಸೆಂಟರಿನ ಹುಡುಗ ಹೇಳಿದಾಗ. ಆ ಹೊತ್ತಿಗೆ ಉಳಿದದ್ದು ಎರಡೇ ದಿನ. ಆ ವರ್ಷದ ಹಣ ಬರಲಿಲ್ಲ. ಅದೇ ತರಗತಿಯ ಗೆಳತಿಯೊಬ್ಬಳ ಅರ್ಜಿ ಒಂದು ತಿಂಗಳ ಹಿಂದೆಯೇ ಹೋಗಿತ್ತು; ಅವಳ ತಂದೆ ಮೇಷ್ಟರು. ಓದಿದವರಿರುವ ಮನೆಯಲ್ಲಿ ಗಾಳಿಯಲ್ಲಿಯೇ ತೇಲಿ ಬರುವ ಇಂಥ ಸಂಗತಿಗಳನ್ನು ನಾವು ಒಂದೊಂದಾಗಿ ಬೆಲೆ ತೆತ್ತು ಕಲಿಯಬೇಕು. ಎರಡನೆಯ ವರ್ಷ ನಮ್ಮ ಅಧ್ಯಾಪಕಿಯೊಬ್ಬರು ತಾವಾಗಿಯೇ ಕರೆದು, “ಕಾಗದಗಳನ್ನೆಲ್ಲ ತಂದು ತೋರಿಸಮ್ಮ” ಎಂದರು. ಗುರುವಿನ ಕೆಲಸವೆಂದರೆ ಇಷ್ಟೇ ಇದ್ದರೂ ಇರಬಹುದು.

ಆದರೆ ಮದರಾಸಿನ ಕಥೆಯನ್ನು ಹೊಗಳಿ ಮುಗಿಸಿದರೆ ಸುಳ್ಳು ಹೇಳಿದಂತಾಗುತ್ತದೆ. ಅದರಲ್ಲಿ ಎರಡು ಕುಂದುಗಳಿವೆ.

ಒಂದು: ಆ ಹೆಂಗಸರಿಗೆ ತಮ್ಮ ರಕ್ತವನ್ನು ಯಾವ ರೋಗಕ್ಕಾಗಿ ಪರೀಕ್ಷಿಸುತ್ತಾರೆಂಬುದನ್ನು ಹೇಳಿರಲಿಲ್ಲ. ಅವರು ಅಕ್ಷರ ಬಾರದವರು. ಹೇಳಿದರೂ ಆಗ ಆ ರೋಗದ ಹೆಸರನ್ನು ಕೇಳಿದವರೇ ವಿರಳ. ಈ ಸಮಾಧಾನ ನನಗೆ ಸಾಲದು. ನಮ್ಮ ತಾಯಿಗೂ ಅಕ್ಷರ ಬಾರದು. ಆದರೆ ತಿಳಿಸಿ ಹೇಳಿದರೆ ಆಕೆಗೆ ಅರ್ಥವಾಗದ ವಿಷಯವನ್ನು ನಾನು ಇದುವರೆಗೆ ಕಂಡಿಲ್ಲ. ಇಂದು ಇದು ಕಾನೂನಿಗೂ ವಿರುದ್ಧ. 2017ರಲ್ಲಿ ಆದ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಅದರಂತೆ ತಿಳಿವಳಿಕೆ ಕೊಟ್ಟು ಒಪ್ಪಿಗೆ ಪಡೆಯದೆ ಯಾರನ್ನೂ ಈ ಪರೀಕ್ಷೆಗೆ ಒಳಪಡಿಸುವಂತಿಲ್ಲ. ಶಿಷ್ಯರಿಗೆ ಸೂಜಿ ಹಿಡಿಯುವುದನ್ನು ಕಲಿಸುವ ಗುರು ಈ ಮಾತನ್ನೂ ಮೊದಲ ದಿನವೇ ಕಲಿಸಬೇಕಾಗುತ್ತದೆ.

ಎರಡು: ಪ್ರಬಂಧ ಮುಗಿದ ಮೇಲೆ ಶಿಷ್ಯೆಗೆ ಮುಂದಿನ ಮೆಟ್ಟಿಲು ಇರಲಿಲ್ಲ. ಸಾಲೊಮನ್ 1993ರಲ್ಲಿ ತಮ್ಮ ತಂದೆಯ ಹೆಸರಿನಲ್ಲಿ ವೈ.ಆರ್.ಜಿ. ಕೇರ್ ಎಂಬ ಸಂಸ್ಥೆಯನ್ನು ಕಟ್ಟಿ ಸಾವಿರಾರು ರೋಗಿಗಳಿಗೆ ಆಸರೆಯಾದರು. 2015ರಲ್ಲಿ ತೀರಿಕೊಂಡರು, 2017ರಲ್ಲಿ ಮರಣೋತ್ತರವಾಗಿ ಪದ್ಮಶ್ರೀ ಬಂದಿತು. ನಿರ್ಮಲಾ ಮದರಾಸಿನ ಕಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕೆಲಸಕ್ಕೆ ಸೇರಿ 2010ರಲ್ಲಿ ನಿವೃತ್ತರಾದರು. ಮೂವತ್ತು ವರ್ಷ ಕಳೆದು ಪತ್ರಕರ್ತರು ಹುಡುಕಿಕೊಂಡು ಹೋಗುವವರೆಗೆ ಅವರ ಹೆಸರು ಹೊರಗಿನವರಿಗೆ ಹೆಚ್ಚಾಗಿ ತಿಳಿದಿರಲಿಲ್ಲ. ಇದಕ್ಕೆ ಗುರುಗಳನ್ನು ದೂರುವುದು ನನ್ನ ಉದ್ದೇಶವಲ್ಲ. ಒಬ್ಬ ವ್ಯಕ್ತಿ ಬಾಗಿಲು ತೆರೆಯಬಲ್ಲರು. ಒಳಗೆ ಹತ್ತು ವರ್ಷ ನಿಲ್ಲಲು ಬೇಕಾದ ಹಣ, ಹುದ್ದೆ, ಜೊತೆಗಾರರು ಇವನ್ನೆಲ್ಲ ಒಬ್ಬರೇ ಒದಗಿಸಲಾರರು. ಅದಕ್ಕೆ ಏರ್ಪಾಡು ಬೇಕು.

ಅಂಥ ಏರ್ಪಾಡು ಬೇರೆ ದೇಶಗಳಲ್ಲಿ ಹೇಗಿದೆಯೆಂದು ನೋಡಬಹುದು. ಅಮೆರಿಕದಲ್ಲಿ ಕರಿಯ ಜನಾಂಗದವರು ಜನಸಂಖ್ಯೆಯ ಎಂಟನೆಯ ಒಂದು ಭಾಗದಷ್ಟು, ಹೊಸದಾಗಿ ಎಚ್.ಐ.ವಿ. ಪತ್ತೆಯಾಗುವವರಲ್ಲಿ ಅವರು ನೂರಕ್ಕೆ ಸುಮಾರು ನಲವತ್ತು. ಆದರೆ ಸಂಶೋಧಕರ ಸಾಲಿನಲ್ಲಿ ಅವರು ವಿರಳ. ವೈದ್ಯರನ್ನು ಅವರು ನಂಬದಿರುವುದಕ್ಕೆ ಕಾರಣವೂ ಉಂಟು. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ, ಸಿಫಿಲಿಸ್ ಪೀಡಿತರಾದ 399 ಮಂದಿ ಕರಿಯ ಗಂಡಸರನ್ನು ಸರಕಾರದ ವೈದ್ಯರು ಚಿಕಿತ್ಸೆಯಿಲ್ಲದೆ ನೋಡುತ್ತ ಕುಳಿತರು; ಪೆನಿಸಿಲಿನ್ ಬಂದ ಮೇಲೆಯೂ ಕೊಡಲಿಲ್ಲ. ಇಂಥ ನೆನಪಿರುವ ಮನೆಯ ಬಾಗಿಲಲ್ಲಿ ನಿಂತು ರಕ್ತ ಕೇಳುವವರು ಯಾರೆಂಬುದು ಸಣ್ಣ ಪ್ರಶ್ನೆಯಲ್ಲ.

ಸಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದವರು 1990ರ ದಶಕದಲ್ಲಿ ಒಂದು ಉಪಾಯ ಮಾಡಿದರು. ಅಲ್ಪಸಂಖ್ಯಾತ ಸಮುದಾಯಗಳ ನಡುವೆ ಕೆಲಸ ಮಾಡುವ ಕಿರಿಯ ಸಂಶೋಧಕರನ್ನು ಬೇರೆಬೇರೆ ಊರಿನ ಕಾಲೇಜುಗಳಿಂದ ಕರೆಯಿಸಿಕೊಂಡು, ಒಂದಾದ ಮೇಲೊಂದರಂತೆ ಮೂರು ಬೇಸಗೆಗಳಲ್ಲಿ ಕೆಲವು ವಾರ ತಮ್ಮಲ್ಲಿ ಇರಿಸಿಕೊಳ್ಳತೊಡಗಿದರು. ಒಂದು ಸಣ್ಣ ಅಧ್ಯಯನಕ್ಕೆ ಬೇಕಾದಷ್ಟು ಹಣ ಕೊಟ್ಟರು. ಎಲ್ಲಕ್ಕಿಂತ ಮುಖ್ಯವಾಗಿ, ಅನುದಾನಕ್ಕೆ ಅರ್ಜಿ ಬರೆಯುವುದನ್ನು ಕಲಿಸಿದರು: ಒಬ್ಬರು ಬರೆದದ್ದನ್ನು ಹತ್ತು ಮಂದಿ ಕುಳಿತು ಓದಿ, ತಿದ್ದಿ, ಮತ್ತೆ ಬರೆಯಿಸುವುದು. ನನ್ನ ಸೈಬರ್ ಸೆಂಟರಿನ ಪ್ರಸಂಗಕ್ಕೂ ಇದಕ್ಕೂ ಬಹಳ ಅಂತರವಿದೆಯೆಂದು ನನಗೆ ತೋರುವುದಿಲ್ಲ. ಮೂರು ವರ್ಷದ ಲೆಕ್ಕವನ್ನೂ ಗಮನಿಸಬೇಕು. ಒಂದು ದಿನದ ಕಾರ್ಯಾಗಾರ, ಒಂದು ಸರ್ಟಿಫಿಕೇಟು, ಒಂದು ಗುಂಪು ಫೋಟೋ, ಇವುಗಳಿಂದ ಯಾರೂ ಸಂಶೋಧಕರಾಗಲಿಲ್ಲ.

ಇನ್ನು ದಕ್ಷಿಣ ಆಫ್ರಿಕದ ಮಾತು. ನನಗೆ ಬಹಳ ಹಿಡಿಸಿದ್ದು ಇದೇ. ಜೀನಾ ಸ್ಟೈನ್ ಮತ್ತು ಮರ್ವಿನ್ ಸಸ್ಸರ್ ಎಂಬ ಬಿಳಿಯ ವೈದ್ಯ ದಂಪತಿಗಳು ವರ್ಣಭೇದ ನೀತಿಯನ್ನು ವಿರೋಧಿಸಿ 1950ರ ದಶಕದಲ್ಲಿ ಆ ದೇಶವನ್ನು ಬಿಟ್ಟು ಹೊರಟವರು. ಕೊನೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ನೆಲೆಸಿದರು. 1980ರ ದಶಕದ ಕೊನೆಗೆ ಅವರಲ್ಲಿಗೆ ದಕ್ಷಿಣ ಆಫ್ರಿಕದಿಂದಲೇ ಕಲಿಯಲು ಬಂದವರು ಕುರೈಶಾ ಮತ್ತು ಸಲೀಂ ಅಬ್ದುಲ್ ಕರೀಂ. ಇವರು ಭಾರತೀಯ ಮೂಲದವರು. ಚರ್ಮದ ಬಣ್ಣ ನೋಡಿ ಶಾಲೆ ಕಾಲೇಜುಗಳನ್ನು ಹಂಚುತ್ತಿದ್ದ ದೇಶದಲ್ಲಿ ಬೆಳೆದವರು. ಕುರೈಶಾ ಊರಿಗೆ ಹಿಂತಿರುಗಿ ನಟಾಲ್ ಪ್ರಾಂತದಲ್ಲಿ ನಡೆಸಿದ ಮೊದಮೊದಲ ಸಮೀಕ್ಷೆಯಲ್ಲಿಯೇ ಒಂದು ವಿಚಿತ್ರ ಕಂಡಿತು. ಸೋಂಕು ಹದಿಹರೆಯದ ಹುಡುಗಿಯರಲ್ಲಿ ಹೆಚ್ಚು. ಅದೇ ವಯಸ್ಸಿನ ಹುಡುಗರಲ್ಲಿ ಕಡಮೆ. ಹಿರಿಯ ಗಂಡಸರಿಂದ ಹುಡುಗಿಯರಿಗೆ ಅದು ತಗಲುತ್ತಿತ್ತು.

1990ರಲ್ಲಿ ಸ್ಟೈನ್ ಒಂದು ಲೇಖನ ಬರೆದರು. ಗಂಡಸು ಕಾಂಡೋಮ್ ಬಳಸಲು ಒಪ್ಪದಿದ್ದರೆ ಹೆಂಗಸು ಏನು ಮಾಡಬೇಕು? ಆಕೆಯ ಕೈಯಲ್ಲಿಯೇ ಇರುವ ರಕ್ಷಣೆಯೊಂದು ಬೇಡವೆ? ಇದು ಅವರ ಪ್ರಶ್ನೆ. ಶಿಷ್ಯರು ಈ ಪ್ರಶ್ನೆಯನ್ನು ಹೊತ್ತುಕೊಂಡು ಇಪ್ಪತ್ತು ವರ್ಷ ನಡೆದರು. ನಡುವೆ ಸೋಲುಗಳು ಬಂದವು. 2010ರಲ್ಲಿ 889 ಹೆಂಗಸರ ನಡುವೆ ನಡೆದ ಪ್ರಯೋಗದಲ್ಲಿ, ಟೆನೊಫೊವಿರ್ ಎಂಬ ಔಷಧ ಬೆರೆತ ಲೇಪ ಸೋಂಕನ್ನು ನೂರಕ್ಕೆ 39ರಷ್ಟು ತಗ್ಗಿಸಿತೆಂದು ಅವರು ತೋರಿಸಿದರು. ಮುಂದಿನ ಪ್ರಯೋಗಗಳಲ್ಲಿ ಆ ಫಲ ಸಿಗಲಿಲ್ಲ. ಲೇಪವನ್ನು ತಪ್ಪದೆ ಬಳಸುವುದು ಹೆಂಗಸರಿಗೆ ಕಷ್ಟವಾಯಿತು. ಆದರೆ ದಾರಿ ಇದೆಯೆಂಬುದು ಗೊತ್ತಾಯಿತು. 2024ರಲ್ಲಿ ದಕ್ಷಿಣ ಆಫ್ರಿಕ ಮತ್ತು ಉಗಾಂಡಗಳಲ್ಲಿ, ಲೆನಕಾಪವಿರ್ ಎಂಬ ಬೇರೆ ಔಷಧವನ್ನು ಆರು ತಿಂಗಳಿಗೊಂದು ಚುಚ್ಚುಮದ್ದಾಗಿ ಪಡೆದ 2134 ಯುವತಿಯರಲ್ಲಿ ಒಬ್ಬರಿಗೂ ಸೋಂಕು ತಗಲಲಿಲ್ಲ. ಅದು ಬೇರೆಯವರ ಕೆಲಸ. ಉತ್ತರ ಮಾತ್ರ ಅದೇ ಹಳೆಯ ಪ್ರಶ್ನೆಗೆ.

ಕೊಲಂಬಿಯಾದೊಡನೆ ಸೇರಿ ಅವರು 1993ರಿಂದ ನಡೆಸಿದ ತರಬೇತಿಯಲ್ಲಿ ದಕ್ಷಿಣ ಆಫ್ರಿಕ ಮತ್ತು ಸುತ್ತಣ ದೇಶಗಳ ಆರುನೂರಕ್ಕೂ ಹೆಚ್ಚು ಮಂದಿ ಕಲಿತಿದ್ದಾರೆ. ಮದರಾಸಿನಲ್ಲಿ ಇಲ್ಲದಿದ್ದ ಮೆಟ್ಟಿಲು ಇದೇ. ಅದಕ್ಕೆ ಹಣ ಬಂದದ್ದು ಅಮೆರಿಕದಿಂದ ಎಂಬುದನ್ನೂ ಮರೆಯುವಂತಿಲ್ಲ. 2025ರಲ್ಲಿ ಅಲ್ಲಿಯ ಸರಕಾರ ನೀತಿಯನ್ನು ಬದಲಾಯಿಸಿ ತನ್ನ ದೇಶದೊಳಗಿನ ಇಂಥ ಅನೇಕ ತರಬೇತಿ ಅನುದಾನಗಳನ್ನು ನಡುವಿನಲ್ಲಿಯೇ ನಿಲ್ಲಿಸಿತು. ದಕ್ಷಿಣ ಆಫ್ರಿಕದ ಸಂಶೋಧನೆಗೆ ಹೋಗುತ್ತಿದ್ದ ಹಣಕ್ಕೂ ಕತ್ತರಿ ಬಿದ್ದಿತು. ಅರ್ಧ ಮೆಟ್ಟಿಲು ಹತ್ತಿದ್ದವರ ಗತಿಯೇನು? ಪರರ ಏಣಿಯ ಮೇಲೆ ನಿಂತವರಿಗೆ ಈ ಅಪಾಯ ತಪ್ಪಿದ್ದಲ್ಲ.

ನಮ್ಮ ನಾಡಿನಲ್ಲಿಯೇ ಇದಕ್ಕೆ ಸಂಬಂಧಿಸಿದ ಒಂದು ಸಂಗತಿಯುಂಟು. ಮೈಸೂರಿನಲ್ಲಿ 2004ರಲ್ಲಿ ಆರಂಭವಾದ ಎಚ್.ಐ.ವಿ. ತಡೆಯ ಕೆಲಸದಿಂದ ಆಶೋದಯ ಸಮಿತಿ ಎಂಬ ಸಂಘ ಹುಟ್ಟಿತು. ಅದು ಲೈಂಗಿಕ ವೃತ್ತಿಯವರೇ ನಡೆಸುವ ಸಂಘ. ಅವರು ಸಂಶೋಧಕರೊಡನೆ ಸೇರಿ ಪ್ರಶ್ನೆಗಳನ್ನು ರೂಪಿಸುತ್ತಾರೆ, ತಮ್ಮವರ ಬಳಿಗೆ ಹೋಗಿ ಕೇಳುತ್ತಾರೆ. ಬೇರೆ ಕಡೆಯಿಂದ ಬಂದವರಿಗೆ ತಮ್ಮ ಕೆಲಸದ ರೀತಿಯನ್ನು ಕಲಿಸುತ್ತಾರೆ. ಸೋಂಕು ತಗಲದಂತೆ ಮುಂಚಿತವಾಗಿಯೇ ತೆಗೆದುಕೊಳ್ಳುವ ಗುಳಿಗೆಯನ್ನು ಭಾರತದಲ್ಲಿ ಪ್ರಯೋಗಿಸಿ ನೋಡಿದಾಗ, ಅದನ್ನು ನಡೆಸಿದವರು ಕಲ್ಕತ್ತೆಯ ಇಂಥದೇ ಸಂಘದವರೂ ಮೈಸೂರಿನ ಇವರೂ. 1986ರಲ್ಲಿ ಯಾವುದಕ್ಕೆಂದು ತಿಳಿಯದೆ ತೋಳು ನೀಡಿದ ಹೆಂಗಸರನ್ನು ನೆನೆದುಕೊಂಡು ಇದನ್ನು ಓದಿದಾಗ ನನಗಾದ ಸಂತೋಷವನ್ನು ಬರೆದು ತಿಳಿಸಲಾರೆ. ಇಲ್ಲಿ ಗುರು ಯಾರು, ಶಿಷ್ಯರು ಯಾರು ಎಂಬುದೇ ಅದಲುಬದಲಾಗಿದೆ.

ಕಲಾ ವಿಭಾಗದ ಗೆಳೆಯ ಗೆಳತಿಯರಿಗೆ ಇದರಲ್ಲೇನಿದೆ ಎಂದು ಕೇಳಿದರೆ, ಇದೆ. ವಿ ಹೋಮಿನ ಬಾಗಿಲಲ್ಲಿ ನಿಂತು ಅಪರಿಚಿತ ಹೆಂಗಸಿನೊಡನೆ ಮಾತು ಆರಂಭಿಸುವುದು ಸೂಕ್ಷ್ಮಜೀವಿಶಾಸ್ತ್ರವಲ್ಲ. ನಮ್ಮ ತಾಲ್ಲೂಕು ಆಸ್ಪತ್ರೆಯ ಎಚ್.ಐ.ವಿ. ಪರೀಕ್ಷಾ ಕೇಂದ್ರಕ್ಕೆ ರೆಡ್ ರಿಬ್ಬನ್ ಸಂಘದಿಂದ ಹೋದಾಗ ಅಲ್ಲಿಯ ಆಪ್ತಸಮಾಲೋಚಕಿ ಓದಿದ್ದು ಏನೆಂದು ಕೇಳಿದೆ. ಬಿ.ಎ., ಆಮೇಲೆ ಎಂ.ಎಸ್.ಡಬ್ಲ್ಯು. ಎಂದರು. ಹಿಂತಿರುಗಿ ಬಂದು ಅಧ್ಯಾಪಕಿಯವರಿಗೆ ಹೇಳಿದೆ. ಅವರು ಡ್ರಾಯರಿನಿಂದ ಒಂದು ಹಾಳೆ ತೆಗೆದು, ಪ್ರವೇಶ ಪರೀಕ್ಷೆಗೆ ಬೇಕಾದ ಕಾಗದಗಳ ಪಟ್ಟಿಯನ್ನು ತಾವೇ ಬರೆದುಕೊಟ್ಟರು. ಮೊದಲನೆಯ ಸಾಲಿನಲ್ಲಿ ಆದಾಯದ ಸರ್ಟಿಫಿಕೇಟು ಎಂದಿದೆ. ಅದರ ಕೆಳಗೆ ಎರಡು ಗೀಟು ಎಳೆದಿದ್ದಾರೆ.